ಹಳದಿ ರೋಗಕ್ಕೆ ಬೋರ್ಡೋ ಬಿಟ್ರೆ ಆಗ್ತದಾ? ಸಂಘ-ಸಂಸ್ಥೆಗಳ ಪ್ಲಾನಿಂಗ್ ಬಗ್ಗೆ

ನಮ್ಮ ಕಾಸರಗೋಡು ಕಡೆ ಅಡಿಕೆ ತೋಟ ಇರುವವರಿಗೆ ಇದು ಬೇರೆ ಹೇಳ್ಬೇಕಾಗಿಲ್ಲ. ಮಹಾಳಿಗೆ, ಅಂದ್ರೆ ಅಡಿಕೆಯ ಕೊಳೆರೋಗಕ್ಕೆ, ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಬಿಡ್ಬೇಕು, ಅಂದ್ರೆ ಸಿಂಪಡಿಸ್ಬೇಕು, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಗೊನೆಗೆ ಸರಿಯಾಗಿ ತಾಗುವ ಹಾಗೆ ಬಿಟ್ರೆ ಬೆಳೆ ಉಳೀತದೆ. ಆದ್ರೆ ಅದೇ ಬೋರ್ಡೋವನ್ನು ಹಳದಿ ಎಲೆ ರೋಗ ಬಂದ ಮರಕ್ಕೆ ಹತ್ತು ಸಲ ಬಿಟ್ರೂ ಎಂತದೂ ಆಗುದಿಲ್ಲ, ಯಾಕಂದ್ರೆ ಮಹಾಳಿಯ ರೋಗಾಣು ಫೈಟೋಫ್ತೊರಾ ಹೊರಗಿಂದ ಕಾಯಿಗೆ ಹತ್ತುವಂಥದ್ದು, ಹಳದಿ ರೋಗದ ರೋಗಾಣು ಫೈಟೋಪ್ಲಾಸ್ಮಾ ಮರದ ಒಳಗೆ ರಸ ಹರಿಯುವ ದಾರಿಯಲ್ಲಿ ಕೂತಿರುವಂಥದ್ದು. ಮದ್ದು ಒಳ್ಳೇದೇ, ಬಿಟ್ಟವನ ಕೆಲಸವೂ ಒಳ್ಳೇದೇ, ರೋಗ ಮಾತ್ರ ಬೇರೆ.

ನಾನು ಬದಿಯಡ್ಕ ಕಡೆ ಸಣ್ಣ ಸಣ್ಣ ಸಂಘ, ಯೂನಿಟ್, ಅಂಗಡಿ, ಒಂದೆರಡು ಶಾಲಾ ಕಮಿಟಿ ಇವರ ಲೆಕ್ಕಪತ್ರ ಬರೆದುಕೊಡುವವ, ಬ್ಯಾಂಕ್ ಲೋನಿಗೆ ಪ್ರಾಜೆಕ್ಟ್ ರಿಪೋರ್ಟ್ ಸಹ ಮಾಡಿಕೊಡ್ತೇನೆ. ಇಷ್ಟು ವರ್ಷದಲ್ಲಿ ನಾನು ಕಂಡದ್ದು ಒಂದೇ, ಕೆಲಸ ಮಾಡುವ ಮನಸ್ಸಿಲ್ಲದೆ ಮುಳುಗಿದ ಸಂಘ ತುಂಬಾ ಕಮ್ಮಿ. ತಪ್ಪು ರೋಗಕ್ಕೆ ಸರಿಯಾದ ಮದ್ದು ಬಿಟ್ಟು ಬಿಟ್ಟು ಸುಸ್ತಾಗಿ ನಿಂತದ್ದೇ ಜಾಸ್ತಿ. ಸ್ಟ್ರಾಟೆಜಿ, ಪ್ಲಾನಿಂಗ್, ಪ್ರಾಬ್ಲಂ ಸಾಲ್ವಿಂಗ್ ಅಂತ ದೊಡ್ಡ ದೊಡ್ಡ ಶಬ್ದ ಕೇಳಿ ಅದು ಬೆಂಗಳೂರು-ಕೊಚ್ಚಿಯ ಕಂಪೆನಿಯವರಿಗೆ ಅಂತ ನಮ್ಮವರು ಬದಿಗೆ ಇಡ್ತಾರೆ. ಹತ್ತು ಜನ ಹೆಂಗಸರು ಸೇರಿ ನಡೆಸುವ ಹಪ್ಪಳದ ಯೂನಿಟಿಗೂ ಅದು ಬೇಕು, ಬಹುಶಃ ದೊಡ್ಡವರಿಗಿಂತ ಜಾಸ್ತಿಯೇ ಬೇಕು, ಯಾಕಂದ್ರೆ ಒಂದು ವರ್ಷದ ನಷ್ಟ ತಡೆದುಕೊಳ್ಳುವ ಶಕ್ತಿ ಇವರಿಗಿಲ್ಲ.

ಮೊದಲು ಒಂದು ಗೊಂದಲ ಬಿಡಿಸುವ. ಹೆಚ್ಚಿನ ಕಡೆ ಪ್ಲಾನ್ ಅಂತ ನನ್ನ ಕೈಗೆ ಕೊಡುವ ಕಾಗದ ನೋಡಿದ್ರೆ ಅದರಲ್ಲಿ ಆಸೆಗಳ ಪಟ್ಟಿ ಇರ್ತದೆ, ಮುಂದಿನ ವರ್ಷ ವ್ಯಾಪಾರ ಡಬಲ್ ಮಾಡುದು, ಹೊಸ ಕಟ್ಟಡ, ಹೊಸ ಮೆಷಿನ್, ಆನ್‌ಲೈನ್ ಸೇಲ್, ಸದಸ್ಯರಿಗೆ ಟ್ರೈನಿಂಗ್, ಎಲ್ಲವೂ ಬೇಕು, ಎಲ್ಲವೂ ಒಟ್ಟಿಗೆ. ಇದು ಪ್ಲಾನ್ ಅಲ್ಲ. ಬಜೆಟ್ ಸಹ ಪ್ಲಾನ್ ಅಲ್ಲ, ಅದು ದುಡ್ಡು ಎಲ್ಲಿಂದ ಬಂದು ಎಲ್ಲಿಗೆ ಹೋಗ್ತದೆ ಅಂತ ತೋರಿಸುದು ಅಷ್ಟೇ. ಸ್ಟ್ರಾಟೆಜಿ ಅಂದ್ರೆ, ನಮಗೆ ಅಡ್ಡ ಇರುವ ದೊಡ್ಡ ಕಷ್ಟ ಯಾವುದು, ಅದನ್ನು ದಾಟ್ಲಿಕ್ಕೆ ನಾವು ಯಾವ ದಾರಿ ಹಿಡೀತೇವೆ, ಆ ದಾರಿ ಹಿಡಿಯುದಾದ್ರೆ ಯಾವ ಯಾವ ದಾರಿ ಬಿಡ್ತೇವೆ, ಇಷ್ಟು ತೀರ್ಮಾನ. ಆಮೇಲೆ ಯಾರು, ಯಾವಾಗ, ಎಷ್ಟು ದುಡ್ಡಿನಲ್ಲಿ ಅಂತ ಬರೆಯುದು ಪ್ಲಾನ್. ಹಾರ್ವರ್ಡಿನ ಮೈಕೆಲ್ ಪೋರ್ಟರ್ 1996ರಲ್ಲಿ ಬರೆದ ಒಂದು ಲೇಖನದಲ್ಲಿ ಇದೇ ಮಾತು ಒತ್ತಿ ಹೇಳಿದ್ದಾರೆ, ಎಂತ ಮಾಡುದಿಲ್ಲ ಅಂತ ಆರಿಸುದರಲ್ಲೇ ಸ್ಟ್ರಾಟೆಜಿಯ ಸತ್ವ ಇರುದು ಅಂತ. ನಮ್ಮ ಮೀಟಿಂಗುಗಳಲ್ಲಿ ಅತಿ ಕಷ್ಟದ್ದು ಇದೇ. ಸೇರಿಸುದಕ್ಕೆ ಎಲ್ಲರೂ ಕೈ ಎತ್ತುತ್ತಾರೆ, ಬಿಡುದಕ್ಕೆ ಯಾರೂ ಎತ್ತುದಿಲ್ಲ.

ಹಪ್ಪಳದ ಯೂನಿಟ್ ಅಂದೆನಲ್ಲ, ಅದನ್ನೇ ಹತ್ತಿರದಿಂದ ನೋಡುವ. ಕೇರಳ ಸರ್ಕಾರದ ಹೆಂಗಸರ ಯೋಜನೆ ಕುಟುಂಬಶ್ರೀ ಶುರುವಾದ 1998ರ ನಂತರ ನಮ್ಮ ಊರೂರಲ್ಲಿ ಅಯಲ್ಕೂಟ, ಅಂದ್ರೆ ನೆರೆಕರೆಯ ಹೆಂಗಸರ ಗುಂಪು, ಆಯ್ತು, ಅದರೊಳಗಿಂದ ನಾಲ್ಕು ಜನ, ಹತ್ತು ಜನ ಸೇರಿ ಇಂಥ ಯೂನಿಟ್ ಮಾಡಿದ್ದು ಬೇಕಾದಷ್ಟು ಉಂಟು. ಇವರದ್ದು ಹಲಸಿನ ಹಪ್ಪಳ ಮುಖ್ಯ. ಒಂದು ದಿನ ಅಧ್ಯಕ್ಷೆ ಅಕ್ಕನೂ ಸೆಕ್ರೆಟರಿಯೂ ಬಂದ್ರು, ಡ್ರೈಯರ್ ಮೆಷಿನಿಗೆ ಲೋನ್ ಬೇಕು, ರಿಪೋರ್ಟ್ ಮಾಡಿಕೊಡಿ ಅಣ್ಣ ಅಂತ. ಯಾಕೆ ಡ್ರೈಯರ್ ಅಂತ ಕೇಳಿದೆ. ವ್ಯಾಪಾರ ಇಲ್ಲ, ಮಾರ್ಕೆಟಿಂಗ್ ಸರಿ ಇಲ್ಲ, ಮೆಷಿನ್ ಇದ್ರೆ ಜಾಸ್ತಿ ಮಾಡ್ಬಹುದು ಅಂದ್ರು. ವ್ಯಾಪಾರವೇ ಇಲ್ಲದಿದ್ರೆ ಜಾಸ್ತಿ ಮಾಡಿ ಎಂತ ಮಾಡುದು? ಇಬ್ಬರೂ ಮುಖ ಮುಖ ನೋಡಿಕೊಂಡ್ರು. ನನಗೆ ಅಲ್ಲೇ ಗೊತ್ತಾಯ್ತು, ಇಲ್ಲಿ ರೋಗ ಯಾವುದು ಅಂತ ಇನ್ನೂ ಯಾರೂ ಬರೆದಿಲ್ಲ.

ಸಮಸ್ಯೆಯನ್ನು ಒಂದು ವಾಕ್ಯದಲ್ಲಿ, ಅಂಕಿ ಹಾಕಿ, ಕಾಗದದ ಮೇಲೆ ಬರೆಯುದು ಮೊದಲ ಕೆಲಸ. ಬಾಯಲ್ಲಿ ಹೇಳಿದ್ರೆ ಸಾಕಾಗುದಿಲ್ಲ. "ವ್ಯಾಪಾರ ಇಲ್ಲ" ಅಂತ ಬರೆದ್ರೆ ಅದಕ್ಕೆ ನೂರು ಮದ್ದು ಉಂಟು, ಯಾವುದೂ ತಾಗುದಿಲ್ಲ. ಅವರ ಸ್ಟಾಕ್ ಪುಸ್ತಕ ತರಿಸಿದೆ, ಅದರಲ್ಲಿ ಅರಶಿನದ ಕಲೆ, ಕೆಲವು ಪುಟದಲ್ಲಿ ಮಕ್ಕಳ ಲೆಕ್ಕದ ಹೋಮ್‌ವರ್ಕ್ ಸಹ ಇತ್ತು, ಆದ್ರೆ ಹೋದ ಮಾಲು, ಬಂದ ದುಡ್ಡು, ವಾಪಸ್ ಬಂದ ಪ್ಯಾಕೆಟ್ ಎಲ್ಲ ತಾರೀಕು ಸಮೇತ ಬರೆದಿಟ್ಟಿದ್ರು. ಆ ಪುಸ್ತಕ ಬರೆದ ಅಕ್ಕನಿಗೆ ಕೈ ಮುಗೀಬೇಕು. ಅದು ನೋಡಿದ ಮೇಲೆ ವಾಕ್ಯ ಬೇರೆಯೇ ಆಯ್ತು: ಜೂನಿನಿಂದ ಸೆಪ್ಟೆಂಬರ್ ಒಳಗೆ ಅಂಗಡಿಗೆ ಹೋದ ಹತ್ತು ಪ್ಯಾಕೆಟಲ್ಲಿ ಒಂದು ಬೂಸು ಹಿಡಿದು ವಾಪಸ್ ಬರ್ತದೆ. ಇದು ಮಾರ್ಕೆಟಿಂಗ್ ಕಷ್ಟವಾ? ಅಲ್ಲ. ಮಾಲು ಕೊಳ್ಳುವವರು ಇದ್ದಾರೆ, ಮಾಲು ನಿಲ್ಲುದಿಲ್ಲ.

ಇಲ್ಲಿಂದ ಮುಂದೆ ಟೊಯೊಟಾದವರ ಒಂದು ಕ್ರಮ ಉಂಟು, ಐದು ಸಲ ಯಾಕೆ ಅಂತ ಕೇಳುದು. ಆ ಕಂಪೆನಿಯ ಉತ್ಪಾದನಾ ಪದ್ಧತಿ ಕಟ್ಟಿದ ತೈಇಚಿ ಓನೊ ಅದಕ್ಕೆ ಕೊಡುವ ಉದಾಹರಣೆ ಹೀಗೆ: ಮೆಷಿನ್ ನಿಂತಿತು, ಯಾಕೆ, ಫ್ಯೂಸ್ ಹೋಯ್ತು. ಫ್ಯೂಸ್ ಯಾಕೆ ಹೋಯ್ತು, ಲೋಡ್ ಜಾಸ್ತಿ ಆಯ್ತು, ಬೇರಿಂಗಿಗೆ ಎಣ್ಣೆ ಸಾಕಾಗ್ಲಿಲ್ಲ. ಎಣ್ಣೆ ಯಾಕೆ ಸಾಕಾಗ್ಲಿಲ್ಲ, ಪಂಪ್ ಸರಿ ಎಳೀಲಿಲ್ಲ. ಪಂಪಿನ ಶಾಫ್ಟ್ ಸವೆದಿತ್ತು. ಯಾಕೆ ಸವೆಯಿತು, ಜಾಲರಿ ಹಾಕಿರ್ಲಿಲ್ಲ, ಲೋಹದ ಚೂರು ಒಳಗೆ ಹೋಯ್ತು. ಫ್ಯೂಸ್ ಬದಲಿಸಿ ಬಿಟ್ಟಿದ್ರೆ ನಾಲ್ಕು ದಿನದಲ್ಲಿ ಪುನಃ ಹೋಗ್ತಿತ್ತು. ಜಾಲರಿಗೆ ಎಷ್ಟು ಖರ್ಚು ಹೇಳಿ.

ನಾವೂ ಹಾಗೇ ಕೂತೆವು, ಯೂನಿಟಿನ ಶೆಡ್ಡಿನ ಜಗಲಿಯಲ್ಲಿ, ಹತ್ತೂ ಜನ. ಬೂಸು ಯಾಕೆ ಹಿಡೀತದೆ? ಹಪ್ಪಳದಲ್ಲಿ ಪಸೆ ಉಳಿದಿರ್ತದೆ. ಪಸೆ ಯಾಕೆ ಉಳೀತದೆ? ಪೂರ್ತಿ ಒಣಗುವ ಮೊದಲೇ ಪ್ಯಾಕ್ ಮಾಡಿದ್ದು. ಯಾಕೆ ಅಷ್ಟು ಅರ್ಜೆಂಟು? ಮೇ ಕೊನೆಗೆ ಮೋಡ ಹಿಡೀತದೆ, ಚಾಪೆ ಹೊರಗೆ ಹಾಕ್ಲಿಕ್ಕಾಗುದಿಲ್ಲ, ಇದ್ದದ್ದನ್ನು ಒಳಗೆ ತಂದು ಫ್ಯಾನಿನ ಅಡಿಯಲ್ಲಿ ಹಾಕಿ ಪ್ಯಾಕ್ ಮಾಡಿಬಿಡುದು. ಇಲ್ಲಿಗೆ ನಿಲ್ಲಿಸಿದ್ರೆ ಉತ್ತರ ಡ್ರೈಯರೇ, ಅವರು ಹೇಳಿದ್ದೇ ಸರಿ ಅಂತ ಆಗ್ತಿತ್ತು. ಇನ್ನೊಂದು ಕೇಳುವ ಅಂತ ಕೇಳಿದೆ, ಮಾರ್ಚಿನಲ್ಲಿ ಒಳ್ಳೆ ಸುಡು ಬಿಸಿಲು ಉಂಟಲ್ಲ, ಹಪ್ಪಳಕ್ಕೆ ಬೇಕಾದ ಬೆಳೆದ ಹಲಸಿನಕಾಯಿಯೂ ಉಂಟು, ಆಗ ಯಾಕೆ ಮಾಡುದಿಲ್ಲ? ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ಪುಸ್ತಕ ಬರೆಯುವ ಅಕ್ಕ ಹೇಳಿದ್ರು, ಮಾರ್ಚಿನಲ್ಲಿ ನಮ್ಮ ಕೈಯಲ್ಲಿ ದುಡ್ಡಿಲ್ಲ ಅಣ್ಣ, ಹಲಸು ಕೊಯ್ಯುವವರ ಕೂಲಿ, ಜೀಪಿನ ಬಾಡಿಗೆ, ಮೆಣಸು, ಕೊತ್ತಂಬರಿ, ಕವರು ಎಲ್ಲ ತರ್ಬೇಕಲ್ಲ, ಅಂಗಡಿಯವರು ಹೋದ ವರ್ಷದ ಬಾಕಿ ತುಂಡು ತುಂಡಾಗಿ ಕೊಟ್ಟು ವಿಷುವಿಗೆ ಲೆಕ್ಕ ಮುಗಿಸುದು, ಅದು ಬಂದ ಮೇಲೆ ನಾವು ಶುರು ಮಾಡುದು.

ವಿಷು ಅಂದ್ರೆ ಏಪ್ರಿಲ್ ಅರ್ಧ. ಇದೇ ಬೇರು. ಬೂಸಿನ ಬೇರು ಅಂಗಡಿಯ ಸಾಲದ ಪುಸ್ತಕದಲ್ಲಿ ಇತ್ತು, ಹಪ್ಪಳದ ಚಾಪೆಯಲ್ಲಿ ಅಲ್ಲ. ನನಗೆ ಇವತ್ತಿಗೂ ಆ ಜಗಲಿ ನೆನಪಾಗ್ತದೆ, ಯಾಕಂದ್ರೆ ಆ ಮಾತು ಹೇಳಿದ್ದು ಯಾವ ಎಕ್ಸ್‌ಪರ್ಟೂ ಅಲ್ಲ, ದಿನಾ ಲೆಕ್ಕ ಬರೆಯುವವರು, ಅವರನ್ನು ಅಲ್ಲಿವರೆಗೆ ಯಾರೂ ಆ ಪ್ರಶ್ನೆ ಕೇಳಿರ್ಲಿಲ್ಲ ಅಷ್ಟೇ.

ಈಗ ಲೆಕ್ಕಕ್ಕೆ ಬರುವ. ಇದು ಸ್ವಲ್ಪ ನಿಧಾನಕ್ಕೆ ಓದಿ, ಪ್ಲಾನಿನ ಅರ್ಧ ಇಲ್ಲೇ ಇರುದು. ಅವರ ನಿಜ ಅಂಕಿ ನಾನು ಇಲ್ಲಿ ಹಾಕುದಿಲ್ಲ, ಅರ್ಥ ಆಗ್ಲಿಕ್ಕೆ ಸುಲಭದ ಅಂಕಿ ಹಿಡಿಯುವ, ಕ್ರಮ ಅದೇ. ಒಂದು ಪ್ಯಾಕೆಟ್ ಹಪ್ಪಳಕ್ಕೆ ಅಂಗಡಿಯವ ನಮಗೆ 80 ರೂಪಾಯಿ ಕೊಡ್ತಾನೆ ಅಂತ ಇಟ್ಟುಕೊಳ್ಳಿ. ಸಾಮಾನಿಗೆ 25, ಕವರು-ಲೇಬಲಿಗೆ 5, ಕೂಲಿ 30, ಒಟ್ಟು 60. ಉಳಿಯುದು 20. ಇನ್ನು ಹಪ್ಪಳ ಮಾಡಿದ್ರೂ ಮಾಡದಿದ್ರೂ ಕೊಡ್ಬೇಕಾದ ಖರ್ಚು, ಶೆಡ್ಡಿನ ಬಾಡಿಗೆ, ಕರೆಂಟು, ಹಳೇ ಗ್ರೈಂಡರಿನ ಕಂತು, ವರ್ಷಕ್ಕೆ 60,000 ಅಂತ ಇಡುವ. 60,000ವನ್ನು 20ರಿಂದ ಭಾಗಿಸಿದ್ರೆ 3000. ಅಂದ್ರೆ 3000 ಪ್ಯಾಕೆಟ್ ಮಾರಿದ್ರೆ ಲಾಭವೂ ಇಲ್ಲ ನಷ್ಟವೂ ಇಲ್ಲ. ಇದಕ್ಕೆ ಬ್ರೇಕ್ ಈವನ್ ಅಂತ ಹೇಳುದು, ನಾವು ಗೀಟು ಅಂತ ಕರೆಯುವ.

ಈಗ ನೂರರಲ್ಲಿ ಹತ್ತು ಪ್ಯಾಕೆಟ್ ಬೂಸು ಹಿಡಿದು ವಾಪಸ್ ಬಂತು. ನೂರು ಪ್ಯಾಕೆಟ್ ಮಾಡ್ಲಿಕ್ಕೆ 6000 ಖರ್ಚಾಗಿದೆ, ದುಡ್ಡು ಬಂದದ್ದು ತೊಂಬತ್ತಕ್ಕೆ, 7200. ಉಳಿದದ್ದು 1200, ಪ್ಯಾಕೆಟಿಗೆ 12. 60,000ವನ್ನು 12ರಿಂದ ಭಾಗಿಸಿ. 5000! ಹತ್ತರಲ್ಲಿ ಒಂದು ಹಾಳಾದ್ರೆ ಹತ್ತರಲ್ಲಿ ಒಂದು ಭಾಗ ನಷ್ಟ ಅಂತ ನಾವು ಮನಸ್ಸಿನಲ್ಲಿ ಲೆಕ್ಕ ಹಾಕುದು, ಆದ್ರೆ ಗೀಟು 3000ದಿಂದ 5000ಕ್ಕೆ ಏರಿತು. ಮಾರ್ಕೆಟಿಂಗ್ ಅಂತ ಹೇಳಿ ಅಂಗಡಿಯವನಿಗೆ ಪ್ಯಾಕೆಟಿಗೆ ಹತ್ತು ರೂಪಾಯಿ ಬಿಟ್ಟುಕೊಟ್ಟಿದ್ರೆ? ವಾಪಸ್ ಒಂದೂ ಬಾರದಿದ್ರೂ ಉಳಿಯುದು ಹತ್ತೇ, ಗೀಟು 6000ಕ್ಕೆ ಹೋಗ್ತದೆ. ಅಂದ್ರೆ ತಪ್ಪು ಮದ್ದು ರೋಗವನ್ನು ವಾಸಿ ಮಾಡುದಿಲ್ಲ ಮಾತ್ರ ಅಲ್ಲ, ಜಾಸ್ತಿ ಮಾಡ್ತದೆ.

ಇದರ ಎದುರು ಎಷ್ಟು ಪ್ಯಾಕೆಟ್ ಮಾಡ್ಲಿಕ್ಕಾಗ್ತದೆ ನೋಡಿ. ದಿನಕ್ಕೆ 60 ಪ್ಯಾಕೆಟ್ ಆಗ್ತದೆ ಅಂತ ಇಟ್ಟರೆ, ವಿಷು ಕಳೆದು ಶುರು ಮಾಡಿದ್ರೆ ಒಳ್ಳೆ ಬಿಸಿಲು ಸಿಗುದು ಒಂದು 35 ದಿನ, 2100 ಪ್ಯಾಕೆಟ್. ಮಾರ್ಚಿನಲ್ಲೇ ಶುರು ಮಾಡಿದ್ರೆ 60 ದಿನ, 3600. ಗೀಟು 5000ದಲ್ಲಿ, ಮಾಡ್ಲಿಕ್ಕಾಗುದು 2100. ಈ ಎರಡು ಅಂಕಿ ಒಂದರ ಪಕ್ಕ ಒಂದು ಬರೆದಾಗ ಶೆಡ್ಡಿನಲ್ಲಿ ಎಲ್ಲರಿಗೂ ತಿಳಿಯಿತು, ಎಷ್ಟು ಒಳ್ಳೆ ಮಾರಿದ್ರೂ ಈ ಯೂನಿಟ್ ನಷ್ಟದಲ್ಲೇ ಇರ್ತಿತ್ತು. ಹೆಂಗಸರು ಬೆಳಗ್ಗಿಂದ ಸಂಜೆವರೆಗೆ ಬಿಸಿಲಿನಲ್ಲಿ ಬೆಂದು ಕೆಲಸ ಮಾಡಿ, ನಮ್ಮಿಂದ ಆಗುದಿಲ್ವೇನೋ ಅಂತ ತಮ್ಮನ್ನೇ ಬೈದುಕೊಂಡದ್ದು ಸುಮ್ಮನೆ. ಅದು ನನಗೆ ತುಂಬಾ ಬೇಜಾರು ಮಾಡಿದ ವಿಷಯ.

ಡ್ರೈಯರಿನ ಲೆಕ್ಕವೂ ಹಾಕಿದೆವು. ಕಂತು, ಕರೆಂಟು ಸೇರಿ ವರ್ಷಕ್ಕೆ 36,000 ಜಾಸ್ತಿ ಅಂತ ಹಿಡಿಯುವ. ಮಳೆ ಶುರುವಾದ ಮೇಲೆ ಹಲಸು ಹಣ್ಣಾಗಿ ನೀರು ನೀರಾಗ್ತದೆ, ಆದ್ರಿಂದ ಡ್ರೈಯರ್ ಇದ್ರೂ ಜಾಸ್ತಿ ಸಿಗುದು ಒಂದು ಇಪ್ಪತ್ತು ದಿನ, 1200 ಪ್ಯಾಕೆಟ್. ಅಂಗಡಿ ರೇಟಿನಲ್ಲಿ ಅದರಿಂದ ಉಳಿಯುದು 24,000. ವರ್ಷಕ್ಕೆ 12,000 ಕೈಯಿಂದ ಹೋಗ್ತದೆ. ನನ್ನ ಹತ್ರ ಬಂದದ್ದೇ ಆ ಲೋನಿಗೆ. ಅವತ್ತೇ ರಿಪೋರ್ಟ್ ಬರೆದುಕೊಟ್ಟಿದ್ರೆ ಬಹುಶಃ ಪಾಸೂ ಆಗ್ತಿತ್ತು.

ಹಾಗಾದ್ರೆ ಎಂತ ಮಾಡುದು? ಇಲ್ಲಿ ಪೋರ್ಟರ್ 1979ರಲ್ಲಿ ಹೇಳಿದ ಐದು ಬಲಗಳ ವಿಚಾರ ಬರ್ತದೆ, ಪೈಪೋಟಿಯವರು, ಹೊಸದಾಗಿ ಬರುವವರು, ಬದಲಿ ವಸ್ತು, ಸಾಮಾನು ಕೊಡುವವರು, ಕೊಳ್ಳುವವರು. ಎಲ್ಲವನ್ನೂ ಉದ್ದ ಉದ್ದ ಬರೆಯುವ ಅಗತ್ಯ ಇಲ್ಲ, ನಿಮ್ಮ ಕುತ್ತಿಗೆ ಹಿಡಿದದ್ದು ಯಾವುದು ಅಂತ ನೋಡಿ. ಇವರದ್ದು ಕೊಳ್ಳುವವರ ಬಲ, ಅಂದ್ರೆ ಅಂಗಡಿಯವರದ್ದು. ಮಾಲು ಇವತ್ತು ತಕ್ಕೊಂಡು ದುಡ್ಡು ತಿಂಗಳುಗಟ್ಟಳೆ ಬಿಟ್ಟು ಕೊಡುವವನು ನಮ್ಮ ದುಡ್ಡಿನಲ್ಲಿ ಅವನ ಅಂಗಡಿ ನಡೆಸ್ತಾ ಇದ್ದಾನೆ, ಬಡ್ಡಿ ಇಲ್ಲದೆ. ಹಲಸು ಕೊಯ್ದ ದಿನದಿಂದ ಆ ಹಪ್ಪಳದ ದುಡ್ಡು ಕೈಗೆ ಬರುವ ದಿನದವರೆಗೆ ಎಷ್ಟು ದಿನ ಅಂತ ಪ್ರತಿ ಸಂಸ್ಥೆಯೂ ಲೆಕ್ಕ ಹಾಕ್ಬೇಕು. ಲಾಭ ಇದ್ದೂ ಬಾಗಿಲು ಹಾಕುವ ಸಂಸ್ಥೆಗಳು ಸಾಯುದು ಈ ದಿನಗಳಲ್ಲೇ.

ದಾರಿ ಮೂರು ಸಿಕ್ಕಿತು. ಸಾಲ ತೆಗೆದು ಮಾರ್ಚಿನಲ್ಲಿ ಶುರು ಮಾಡುದು. ಅಂಗಡಿಯವರ ಹತ್ರ ಬೇಗ ದುಡ್ಡು ಕೇಳುದು. ಅಥವಾ ಮಾಲು ಮಾಡುವ ಮೊದಲೇ ದುಡ್ಡು ತಕ್ಕೊಳ್ಳುದು. ಮೂರನೇದನ್ನು ಹೇಳಿದ್ದು ಸಣ್ಣ ಪ್ರಾಯದ ಒಬ್ಬಳು ಸೊಸೆ, ನಮ್ಮ ಊರಿನ ಅರ್ಧ ಮನೆಯವರು ಗಲ್ಫಿನಲ್ಲಿ, ಬೆಂಗಳೂರಿನಲ್ಲಿ ಇದ್ದಾರಲ್ಲ, ರಜೆಗೆ ಬಂದವರು ಹೋಗುವಾಗ ಹಪ್ಪಳ ಕೇಳಿಕೊಂಡು ಬರ್ತಾರೆ, ಆಗ ನಮ್ಮಲ್ಲಿ ಮಾಲು ಇರುದಿಲ್ಲ, ಅವರ ಹತ್ರ ಫೆಬ್ರವರಿಯಲ್ಲೇ ವಾಟ್ಸಾಪಿನಲ್ಲಿ ಬುಕ್ ಮಾಡಿಸಿದ್ರೆ ಆಗ್ಲಿಕ್ಕಿಲ್ವಾ ಅಂತ. ನೇರ ಮಾರಿದ್ರೆ ಪ್ಯಾಕೆಟಿಗೆ 95 ಸಿಗ್ತದೆ, ಕೊರಿಯರ್ ಅವರದ್ದು, ಉಳಿಯುದು 35. ಗೀಟು 1715 ಪ್ಯಾಕೆಟಿಗೆ ಇಳೀತದೆ. ನಾನೂರು ಪ್ಯಾಕೆಟಿಗೆ ಐವತ್ತು ರೂಪಾಯಿ ಹಾಗೆ ಅಡ್ವಾನ್ಸ್ ಬಂದ್ರೆ 20,000, ಪ್ಯಾಕೆಟಿಗೆ ಸಾಮಾನು, ಕವರು ಸೇರಿ 30 ಅಂದ್ರೆ ಆರ್ನೂರಕ್ಕಿಂತ ಜಾಸ್ತಿ ಪ್ಯಾಕೆಟಿನ ಸಾಮಾನು ಮಾರ್ಚಿಗೆ ರೆಡಿ, ಸಾಲ ಬೇಡ.

ದಾರಿ ಸಿಕ್ಕಿದ ಮೇಲೆ ಬಿಡುವ ಕೆಲಸ. ಇವರು ಹಪ್ಪಳ ಅಲ್ಲದೆ ಮಾವಿನ ಮಿಡಿ ಉಪ್ಪಿನಕಾಯಿ, ಚಿಪ್ಸ್, ಸೆಂಡಿಗೆ, ಸಾಂಬಾರು ಪುಡಿ ಅಂತ ಒಟ್ಟು ಏಳು ಐಟಮ್ ಮಾಡ್ತಿದ್ರು. ಮಾರ್ಚ್-ಏಪ್ರಿಲಿನಲ್ಲಿ ಮಿಡಿಗೂ ಅದೇ ಕೈ ಬೇಕು, ಸೆಂಡಿಗೆಗೂ ಅದೇ ಬಿಸಿಲು, ಅದೇ ಚಾಪೆ ಬೇಕು. ಒಂದು ಬಿಳಿ ಹಾಳೆಯಲ್ಲಿ ಏಳೂ ಬರೆದು ಗೋಡೆಗೆ ಅಂಟಿಸಿದೆವು, ಪ್ರತಿಯೊಂದರ ಎದುರು ಹೋದ ವರ್ಷ ಎಷ್ಟು ಉಳೀತು ಅಂತ. ಮಿಡಿ ಉಪ್ಪಿನಕಾಯಿಯ ಹೆಸರು ಬಂದಾಗ ಎಲ್ಲರೂ ಒಬ್ಬರು ಚಿಕ್ಕಮ್ಮನ ಕಡೆ ನೋಡಿದ್ರು, ಅದು ಅವರ ಕೈಯ ರುಚಿ, ಯೂನಿಟ್ ಶುರುವಾದದ್ದೇ ಅದರಿಂದ. ಅವರು ಎಂತ ಹೇಳ್ಲಿಲ್ಲ, ಚಹಾದ ಲೋಟ ಎಲ್ಲ ಒಟ್ಟು ಮಾಡಿ ಒಳಗೆ ತಕ್ಕೊಂಡು ಹೋದ್ರು. ಬಂದು ಸೆರಗಿಗೆ ಕೈ ಒರೆಸಿಕೊಂಡು, ಪೆನ್ ಕೊಡಿ ಅಂತ ತಕ್ಕೊಂಡು ತಾವೇ ಆ ಹೆಸರಿನ ಮೇಲೆ ಗೀಟು ಎಳೆದ್ರು. ಉಳಿದದ್ದು ಹಪ್ಪಳ, ಮತ್ತೆ ಮಳೆಗಾಲದಲ್ಲಿ ಕೈ ಖಾಲಿ ಇರುವಾಗ ಸಾಂಬಾರು ಪುಡಿ. ಅಂಗಡಿಗಳಲ್ಲೂ ಹದಿನೈದು ದಿನದೊಳಗೆ ದುಡ್ಡು ಕೊಡುವ ನಾಲ್ಕೈದನ್ನು ಇಟ್ಟು ಉಳಿದದ್ದಕ್ಕೆ ಇನ್ನು ಮಾಲಿಲ್ಲ ಅಂತ ತೀರ್ಮಾನ.

ಸಣ್ಣವರ ಕತೆ ಆಯ್ತು, ದೊಡ್ಡದರಲ್ಲಿ ಹೀಗೇ ಇರ್ತದಾ ಅಂತ ಕೇಳುವವರಿಗೆ ನಮ್ಮ ಕಣ್ಣೆದುರೇ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಉಂಟು. ಎಪ್ಪತ್ತರ ದಶಕದ ಶುರುವಿನಲ್ಲಿ ಅಡಿಕೆ ಧಾರಣೆ ಬಿದ್ದು ಬೆಳೆಗಾರರು ಕಂಗಾಲಾದಾಗ, ವಾರಣಾಸಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರ ಜುಲೈ 11ಕ್ಕೆ ಅದು ಮಂಗಳೂರಿನಲ್ಲಿ ಶುರುವಾದ್ದು, ಕರ್ನಾಟಕ-ಕೇರಳ ಎರಡೂ ರಾಜ್ಯದ ಬೆಳೆಗಾರರನ್ನು ಸೇರಿಸಿಕೊಂಡು. ರಾಜ್ಯದ ಗಡಿ ಅಡಿಕೆ ಮರಕ್ಕೆ ಗೊತ್ತಿಲ್ಲ ಅಂತ ಆಗಲೇ ತಿಳಿದ ತೀರ್ಮಾನ ಅದು, ಕಾಸರಗೋಡಿನ ನಮಗೆ ಅದರ ಬೆಲೆ ಗೊತ್ತುಂಟು. ಬೆಳೆ ಜಾಸ್ತಿ ಮಾಡಿಸುದು ಆಗ ಮದ್ದಾಗಿರ್ಲಿಲ್ಲ, ಬೆಳೆದದ್ದನ್ನು ನ್ಯಾಯದ ಧಾರಣೆಗೆ ಕೊಳ್ಳುವ ಒಬ್ಬ ಬಲವಾದ ಖರೀದಿದಾರ ಇಲ್ಲದ್ದೇ ರೋಗ. ಆಮೇಲೆ ಅಡಿಕೆ ತೋಟದ ಎಡೆಯಲ್ಲಿ ಕೊಕ್ಕೋ ಹಾಕಿದವರಿಗೆ ಅದೇ ಕಷ್ಟ ಬಂತು, ಹೊರಗೆ ಧಾರಣೆ ಬಿದ್ದಾಗ ಕೊಳ್ಳುವವರು ಹಿಂದೆ ಸರಿದ್ರು, ಕ್ಯಾಂಪ್ಕೊ ಕೊಕ್ಕೋ ಖರೀದಿಗೂ ಇಳಿಯಿತು, ಬರೀ ಬೀಜ ಮಾರಿಕೊಂಡಿದ್ರೆ ಪುನಃ ಹೊರಗಿನ ಧಾರಣೆಯ ಕೈಗೇ ಸಿಕ್ಕಿಬೀಳ್ತೇವೆ ಅಂತ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಫ್ಯಾಕ್ಟರಿಯನ್ನೇ ಹಾಕಿತು. ಅಡಿಕೆ ಬೆಳೆಗಾರರ ಸಂಸ್ಥೆಗೆ ಚಾಕೊಲೇಟ್ ಯಾಕೆ ಅಂತ ಮೇಲಿಂದ ನೋಡಿದವರಿಗೆ ಅನಿಸ್ಬಹುದು, ಒಳಗಿನ ರೋಗ ನೋಡಿದ್ರೆ ಎರಡೂ ಒಂದೇ ಚಿಕಿತ್ಸೆ.

ಸ್ವಾಟ್ ಅಂತ ಎಲ್ಲ ಟ್ರೈನಿಂಗಲ್ಲೂ ಮಾಡಿಸ್ತಾರೆ, ನಾಲ್ಕು ಖಾನೆ, ನಮ್ಮ ಬಲ, ನಮ್ಮ ಕೊರತೆ, ಹೊರಗಿನ ಅವಕಾಶ, ಹೊರಗಿನ ಅಪಾಯ. ಕ್ರಮ ಒಳ್ಳೇದು, ಆದ್ರೆ ನಮ್ಮಲ್ಲಿ ಬಲದ ಖಾನೆಯಲ್ಲಿ "ಒಗ್ಗಟ್ಟು, ಶ್ರಮ, ಗುಣಮಟ್ಟ" ಅಂತ ಬರೆದು ಚಪ್ಪಾಳೆ ಹೊಡೆದು ಏಳುದು. ಅದರಿಂದ ಯಾವ ತೀರ್ಮಾನವೂ ಹುಟ್ಟುದಿಲ್ಲ. ಪ್ರತಿ ಶಬ್ದದ ಎದುರು ಸಾಕ್ಷಿ ಬರೀರಿ. ಗುಣಮಟ್ಟ ಅಂದ್ರೆ ಎಷ್ಟು ಪ್ಯಾಕೆಟ್ ವಾಪಸ್ ಬಂತು? ಒಗ್ಗಟ್ಟು ಅಂದ್ರೆ ಹೋದ ಆರು ಮೀಟಿಂಗಿಗೆ ಎಷ್ಟು ಜನ ಬಂದಿದ್ರು? ಸಾಕ್ಷಿ ಇಲ್ಲದ ಶಬ್ದ ಅಳಿಸಿದ್ರೆ ಉಳಿಯುವ ಮೂರು ನಾಲ್ಕೇ ಕೆಲಸಕ್ಕೆ ಬರುವಂಥದ್ದು.

ಹೊರಗಿನ ಅಪಾಯದ್ದು ಮಾತ್ರ ಸ್ವಲ್ಪ ಬೇರೆ ಥರ ನೋಡ್ಬೇಕು, ಯಾಕಂದ್ರೆ ಅದು ನಮ್ಮ ಪುಸ್ತಕದಲ್ಲಿ ಸಿಗುದಿಲ್ಲ. ಶೆಲ್ ಎಣ್ಣೆ ಕಂಪೆನಿಯಲ್ಲಿ ಪಿಯರ್ ವಾಕ್ ಅಂತ ಒಬ್ಬರು ಇದ್ರು, ಅವರ ತಂಡ ಎಪ್ಪತ್ತರ ದಶಕದಲ್ಲಿ ಎಣ್ಣೆ ಬೆಲೆ ಎಷ್ಟಾಗ್ತದೆ ಅಂತ ಭವಿಷ್ಯ ಹೇಳುದರ ಬದಲು, ಹೀಗಾದ್ರೆ ಎಂತ ಮಾಡುದು, ಹಾಗಾದ್ರೆ ಎಂತ ಮಾಡುದು ಅಂತ ಎರಡು ಮೂರು ಚಿತ್ರ ಮೊದಲೇ ಬರೆದಿಟ್ಟಿತ್ತು, ಹಾಗಾಗಿ 1973ರಲ್ಲಿ ಎಣ್ಣೆ ಬಿಕ್ಕಟ್ಟು ಬಂದಾಗ ಶೆಲ್ ಬೇರೆಯವರಷ್ಟು ತಬ್ಬಿಬ್ಬಾಗ್ಲಿಲ್ಲ. ನಮ್ಮ ಎಣ್ಣೆ ಬೆಲೆ ಅಂದ್ರೆ ಮಳೆ. ಕೇರಳಕ್ಕೆ ಮಳೆಗಾಲ ಕಾಲಿಡುವ ವಾಡಿಕೆಯ ತಾರೀಕು ಜೂನ್ 1, ಆದ್ರೆ 2025ರಲ್ಲಿ ಮೇ 24ಕ್ಕೇ ಬಂತು, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ. ಒಂದು ವಾರ ಅಂದ್ರೆ ಏಳು ಬಿಸಿಲು, ದಿನಕ್ಕೆ ಅರವತ್ತರ ಲೆಕ್ಕದಲ್ಲಿ 420 ಪ್ಯಾಕೆಟ್. ಹಾಗಾಗಿ ಇವರ ಕಾಗದದಲ್ಲಿ ಈಗ ಎರಡು ಸಾಲು ಉಂಟು: ಮೇ 10ರ ಒಳಗೆ ಬುಕ್ಕಿಂಗಿನ ಮಾಲೆಲ್ಲ ಪ್ಯಾಕ್ ಆಗಿರ್ಬೇಕು, ಅದರ ನಂತರ ಒತ್ತಿದ ಹಪ್ಪಳ ಕೈಯಲ್ಲಿ ಮುರಿದಾಗ ಟಕ್ ಅಂತ ಶಬ್ದ ಬಾರದಿದ್ರೆ ಪ್ಯಾಕಿಗೆ ಹೋಗುದಿಲ್ಲ, ಯಾರು ಹೇಳಿದ್ರೂ ಇಲ್ಲ.

ಇನ್ನೊಂದು ಕ್ರಮ ನಾನು ಎಲ್ಲ ಕಡೆ ಮಾಡಿಸ್ತೇನೆ, ನನಗೆ ಅದರ ಮೇಲೆ ತುಂಬಾ ವಿಶ್ವಾಸ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಇದಕ್ಕೆ ಪ್ರಿಮಾರ್ಟಂ ಅಂತ ಹೆಸರಿಟ್ಟಿದ್ದಾರೆ. ಪ್ಲಾನ್ ಎಲ್ಲ ಮುಗಿದ ಮೇಲೆ, ಎಲ್ಲರೂ ಖುಷಿಯಲ್ಲಿ ಇರುವಾಗ, ಹೀಗೆ ಹೇಳುದು: ಒಂದು ವರ್ಷ ಕಳೆದಿದೆ ಅಂತ ತಿಳ್ಕೊಳ್ಳಿ, ನಮ್ಮ ಪ್ಲಾನ್ ಪೂರ್ತಿ ನೆಲಕಚ್ಚಿದೆ, ಯಾಕೆ ಅಂತ ಚೀಟಿಯಲ್ಲಿ ಬರೀರಿ, ಹೆಸರು ಹಾಕ್ಬೇಡಿ. "ಎಂತಾದ್ರೂ ತೊಂದರೆ ಆಗ್ಬಹುದಾ" ಅಂತ ಕೇಳಿದ್ರೆ ನಮ್ಮವರು ದಾಕ್ಷಿಣ್ಯಕ್ಕೆ ಇಲ್ಲ ಅಂತಾರೆ, ಅಪಶಕುನ ನುಡಿದ ಹಾಗೆ ಆಗ್ತದೆ ಅಂತ. ಆಗಿ ಹೋಗಿದೆ, ಕಾರಣ ಹೇಳಿ ಅಂತ ಕೇಳಿದ್ರೆ ಬಾಯಿ ಬಿಡ್ತಾರೆ. ಹತ್ತು ಚೀಟಿ ಬಂತು, ಒಂದು ಮಲಯಾಳದಲ್ಲಿ ಇತ್ತು, ಒಂದು ಮಗಳ ಕೈಯಲ್ಲಿ ಬರೆಸಿದ್ದು. ಕೊರಿಯರಿನಲ್ಲಿ ಹಪ್ಪಳ ಪುಡಿಯಾಗ್ತದೆ ಅಂತ ಮೂರು ಚೀಟಿ. ಆ ಮೂರೂ ಬಾಯಲ್ಲಿ ಬಂದಿರ್ಲಿಲ್ಲ. ಇನ್ನೊಂದರಲ್ಲಿ, ಮಾರ್ಚಿನಲ್ಲಿ ಇಬ್ಬರ ಮನೆಯಲ್ಲಿ ಬಾಣಂತನ ಉಂಟು, ಒಬ್ಬರ ಮಗನಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ, ಮೂವರೂ ಬರುದಿಲ್ಲ, ಹೇಳ್ಲಿಕ್ಕೆ ನಾಚಿಕೆ ಅಂತ ಇತ್ತು. ನಮ್ಮ 60 ದಿನ, ದಿನಕ್ಕೆ 60 ಪ್ಯಾಕೆಟ್ ಎಲ್ಲ ಹತ್ತು ಕೈಯ ಮೇಲೆ ನಿಂತದ್ದು. ಆ ಒಂದು ಚೀಟಿಯಿಂದಾಗಿ ಪಕ್ಕದ ಅಯಲ್ಕೂಟದ ಮೂರು ಜನರನ್ನು ಆ ತಿಂಗಳಿಗೆ ದಿನಗೂಲಿಗೆ ಮೊದಲೇ ಹೇಳಿಟ್ಟದ್ದು.

ಭಾಷೆಯದ್ದೂ ಒಂದು ಮಾತು ಹೇಳ್ಲೇಬೇಕು. ನಮ್ಮ ಜಿಲ್ಲೆಯಲ್ಲಿ ಅರ್ಜಿ ಹೆಚ್ಚಾಗಿ ಮಲಯಾಳದಲ್ಲಿ, ಬ್ಯಾಂಕಿನ ರಿಪೋರ್ಟ್ ಇಂಗ್ಲಿಷಿನಲ್ಲಿ, ಮನೆಯಲ್ಲಿ ತುಳು, ಹವಿಗನ್ನಡ, ಮರಾಠಿ, ಬ್ಯಾರಿ, ಈ ಯೂನಿಟಿನ ಹೆಚ್ಚಿನವರು ಕಲಿತದ್ದು ಕನ್ನಡ ಶಾಲೆಯಲ್ಲಿ. ಇಂಗ್ಲಿಷಿನಲ್ಲಿ ನಲವತ್ತು ಪುಟ ಪ್ಲಾನ್ ಮಾಡಿ ಕಪಾಟಿನಲ್ಲಿ ಇಟ್ಟ ಸಂಘಗಳನ್ನು ನಾನು ನೋಡಿದ್ದೇನೆ, ಅದರಲ್ಲಿ ಕೆಲವು ನಾನೇ ಬರೆದುಕೊಟ್ಟದ್ದು, ಅದು ಬ್ಯಾಂಕಿಗೆ ಬೇಕು, ಇರ್ಲಿ. ಕೆಲಸ ಮಾಡುವವರಿಗೆ ಬೇರೆ ಒಂದು ಹಾಳೆ ಕನ್ನಡದಲ್ಲಿ ಬೇಕು, ಒಂದೇ ಹಾಳೆ, ಹಪ್ಪಳ ಒತ್ತುವ ಜಾಗದ ಎದುರಿನ ಗೋಡೆಗೆ. ಇವರ ಹಾಳೆಯಲ್ಲಿ ಮೇಲೆ ಸಮಸ್ಯೆಯ ಒಂದು ವಾಕ್ಯ, ಕೆಳಗೆ ಬಿಟ್ಟ ಐಟಮ್‌ಗಳ ಹೆಸರು ಗೀಟು ಸಮೇತ, ಮತ್ತೆ ಪ್ರತಿ ಕೆಲಸದ ಎದುರು ಒಬ್ಬರ ಹೆಸರು. ಇಬ್ಬರ ಹೆಸರು ಹಾಕಿದ್ರೆ ಯಾರದ್ದೂ ಅಲ್ಲ.

ವಾರಕ್ಕೊಮ್ಮೆ ಶನಿವಾರ ಮೂರು ಅಂಕಿ ಬರೀತಾರೆ, ಒತ್ತಿದ ಪ್ಯಾಕೆಟ್, ವಾಪಸ್ ಬಂದ ಪ್ಯಾಕೆಟ್, ಅಂಗಡಿಯಲ್ಲಿ ಬಾಕಿ ಇರುವ ದುಡ್ಡು. ಮೂರು ಸಾಕು. ತಿಂಗಳಿಗೊಮ್ಮೆ ಪ್ಲಾನ್ ಹೇಳಿದ್ದಕ್ಕೂ ಆದದ್ದಕ್ಕೂ ಎಷ್ಟು ದೂರ ಅಂತ ನೋಡಿ ಸರಿ ಮಾಡುದು. ಮಾಡು, ನೋಡು, ತಿದ್ದು, ಪುನಃ ಮಾಡು ಅನ್ನುವ ಈ ಚಕ್ರವನ್ನು ಶೂಹಾರ್ಟ್, ಡೆಮಿಂಗ್ ಅನ್ನುವವರು ಫ್ಯಾಕ್ಟರಿಗಳಿಗೆ ಹೇಳಿಕೊಟ್ಟದ್ದು. ಮೊದಲ ವರ್ಷವೇ ಎಲ್ಲ ಸರಿಯಾಗ್ಲಿಲ್ಲ, ಕೊರಿಯರಿನಲ್ಲಿ ಪುಡಿಯಾದದ್ದು ಪುಡಿಯಾಯ್ತು, ಆಮೇಲೆ ಹಪ್ಪಳದ ಕಟ್ಟಿನ ಮೇಲೂ ಕೆಳಗೂ ಅಡಿಕೆ ಹಾಳೆಯನ್ನು ದುಂಡಗೆ ಕತ್ತರಿಸಿ ಇಟ್ಟು ಕಳಿಸ್ಲಿಕ್ಕೆ ಶುರು ಮಾಡಿದ್ರು. ಒಂದು ಅಂಗಡಿಯವರು ಕೋಪ ಮಾಡಿಕೊಂಡ್ರು, ಆರು ತಿಂಗಳ ನಂತರ ರೊಕ್ಕ ಕೊಟ್ಟೇ ತಕ್ಕೊಳ್ತೇವೆ ಅಂತ ಪುನಃ ಬಂದ್ರು.

ಡ್ರೈಯರ್ ಬೇಡವೇ ಬೇಡ ಅಂತ ನಾವು ಹೇಳಿಲ್ಲ. ಗೋಡೆಯ ಹಾಳೆಯ ಕೊನೇ ಸಾಲು ಪೆನ್ಸಿಲಿನಲ್ಲಿ ಬರೆದದ್ದು ಉಂಟು, ನಾನು ಮೇಲೆ ಹೇಳಿದ ಸುಲಭದ ಅಂಕಿಯಲ್ಲೇ ಹೇಳುದಾದ್ರೆ ಹೀಗೆ: ಬಿಸಿಲಿಗೆ ಆಗುವ 3600 ಪ್ಯಾಕೆಟೂ ನೇರ ಬುಕ್ಕಿಂಗಿನಲ್ಲೇ ಹೋಗಿ, ಅದರ ಮೇಲೆ ಇನ್ನು 1030 ಪ್ಯಾಕೆಟಿಗೆ ಅಡ್ವಾನ್ಸ್ ಬಂದ ವರ್ಷ ಡ್ರೈಯರಿನ ಮಾತು ಪುನಃ ತೆಗೆಯುದು, ಯಾಕಂದ್ರೆ 35ರ ಲೆಕ್ಕದಲ್ಲಿ ಅಷ್ಟಾದ್ರೆ ಅದರ 36,000 ಅದೇ ದುಡೀತದೆ. ಅಲ್ಲಿವರೆಗೆ ಬಿಸಿಲು ಮತ್ತೆ ಚಾಪೆ. ಪ್ರತಿ ಫೆಬ್ರವರಿ ಕೊನೆಗೆ ಬುಕ್ಕಿಂಗ್ ಎಷ್ಟಾಯ್ತು ಅಂತ ಆ ಸಾಲಿನ ಪಕ್ಕ ಬರೀತಾರೆ.